ಯಂತ್ರದ ಮುಂದಿನ ಕುರ್ಚಿ

ಚಿತ್ರದುರ್ಗ
16–10–1978

ಶ್ರೀಮತಿ ಗಂಗಕ್ಕ ಅವರಿಗೆ,

ನನ್ನ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಬರೆಯುತ್ತಿರುವ ನನಗೂ ಆಗಿದೆ. ಎರಡು ವರ್ಷ ಒಂದೇ ಕಚೇರಿಯಲ್ಲಿದ್ದು ಮಾತು ಬಿಟ್ಟವಳು ಈಗ ಕಾಗದ ಬರೆಯುತ್ತಾಳೆ ಎಂದರೆ ಏನೋ ಕೆಲಸವಿದೆ ಎಂದೇ ಅರ್ಥ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಕಂಪ್ಯೂಟರು ನಿಂತುಹೋಗಿದೆ.

ಆಯುಧಪೂಜೆಯ ದಿನ ಆದದ್ದು ಇದು. ಸ್ಟೋರಿನ ಓಬಳೇಶಪ್ಪನವರು ಬೆಳಿಗ್ಗೆಯೇ ಬಾಳೆಕಂದು, ಮಾವಿನ ಸೊಪ್ಪು, ಕುಂಬಳಕಾಯಿ ಎಲ್ಲ ಹೊಂದಿಸಿಕೊಂಡು ನಿಮ್ಮ ಕೋಣೆಗೆ ಬಂದರು. ಲಾರಿಗೆ ಪೂಜೆ ಮಾಡುತ್ತೀರಿ, ಕಂಪ್ರೆಸರಿಗೆ ಮಾಡುತ್ತೀರಿ, ಗಣಿಯ ಎಲ್ಲ ಗುಂಡಿಗಳ ಅದಿರಿನ ಲೆಕ್ಕ ಇಟ್ಟುಕೊಂಡಿರುವ ಇದಕ್ಕೆ ಯಾಕೆ ಬೇಡ ಎಂದು ಮ್ಯಾನೇಜರೇ ಹೇಳಿದ್ದರಂತೆ. ಹಿಂದಿನ ಸಂಜೆಯೇ ನಾನು ಯಂತ್ರವನ್ನು ಆರಿಸಿದ್ದೆ. ಓಬಳೇಶಪ್ಪನವರು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಒರೆಸುತ್ತ ಮುಂಭಾಗದ ಸ್ವಿಚ್ಚುಗಳ ಸಾಲಿಗೆ ಬಂದವರು ನಿಂತರು. "ಇದೇನ್ ಚಂದ್ರಕ್ಕ, ಕೆಲವು ಮ್ಯಾಲೆ ಅವೆ, ಕೆಲವು ಕೆಳಗೆ ಅವೆ. ಹಲ್ಲು ಉದುರಿದ ಬಾಯಿ ಇದ್ದಂಗೈತೆ. ನಮ್ಮ ಪಂಪ್‌ಹೌಸಿನಾಗೆ ಪೂಜೆಗೆ ಮುಂಚೆ ಎಲ್ಲಾ ಹಿಡಿನೂ ಕೆಳಗೆ ಮಾಡ್ತೀವಿ. ಒದ್ದೆ ಕೈಯಾಗೆ ಮುಟ್ಟೋರು ಇರ್ತಾರೆ, ಹುಷಾರಾಗಿರಬೇಕು" ಎಂದು ಹೇಳಿ ಒಂದೊಂದನ್ನೇ ಕೆಳಗೆ ಮಾಡಿದರು. ಆಮೇಲೆ ಒಂದೊಂದಕ್ಕೂ ಒಂದೊಂದು ಕುಂಕುಮದ ಬೊಟ್ಟು ಇಟ್ಟರು. ನೋಡಲು ನಿಜವಾಗಿ ಚೆನ್ನಾಗಿತ್ತು. ನಾನು ಪಕ್ಕದಲ್ಲೇ ನಿಂತು ಮಂಗಳಾರತಿಗೆ ಕೈ ಮುಗಿದೆ.

ಹಬ್ಬ ಮುಗಿಸಿ ಬಂದು ಬೀಗದ ಕೈ ತಿರುಗಿಸಿ, ನೀವು ಹೇಳಿಕೊಟ್ಟಂತೆ 'ಲೋಡ್', ಆಮೇಲೆ 'ಸ್ಟಾರ್ಟ್' ಒತ್ತಿದರೆ ದೀಪಗಳೆಲ್ಲ ಒಮ್ಮೆ ಮಿಣುಕಿ ನಿಂತುಬಿಟ್ಟವು. ಲ್ಯಾಬಿನ ಟೆಲಿಪ್ರಿಂಟರು, ಸ್ಟೋರಿನದು, ಗುಂಡಿಯ ಹತ್ತಿರದ್ದು, ಮೂರೂ ಇದರ ಬಾಯಿ ನೋಡುತ್ತ ಕೂತಿವೆ. ಆ ಸ್ವಿಚ್ಚುಗಳು ಯಾವ ರೀತಿ ಇದ್ದವು ಎಂದು ದಯವಿಟ್ಟು ಕೂಡಲೇ ಬರೆಯಿರಿ. ನೀವು ರಜೆಗೆ ಹೋಗುವ ಮುಂಚೆ "ಇವನ್ನು ಮುಟ್ಟಬೇಡಿ" ಎಂದಿರಿ. ಯಾಕೆ ಎಂದು ನಾನು ಕೇಳಲಿಲ್ಲ. ನೀವೂ ಹೇಳಲಿಲ್ಲ.

ಮಗು ಹುಟ್ಟಿದ ಸುದ್ದಿ ಬಂತು. ಗಂಡೋ ಹೆಣ್ಣೋ ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದಾದರೂ ಆರೋಗ್ಯವಾಗಿರಲಿ.

ಇಂತಿ,
ಚಂದ್ರಕ್ಕ


ಗೊಲ್ಲರಹಟ್ಟಿ, ಮಾಡದಕೆರೆ
23–10–1978

ಚಂದ್ರಕ್ಕನವರಿಗೆ,

ಹೆಣ್ಣು ಮಗು. ಕೂದಲು ತುಂಬಾ ಇದೆ. ಗಂಟಲು ಅದಕ್ಕಿಂತ ಹೆಚ್ಚಿದೆ.

ನಿಮ್ಮ ಕಾಗದದ ಜೊತೆ ಆಫೀಸಿನ ಕಾಗದವೂ ಒಂದೇ ದಿನ ಬಂತು. ನಾನು ಹಟ್ಟಿಯ ಹೊರಗೆ ಬಾಣಂತಿ ಗುಡ್ಲಿನಲ್ಲಿದ್ದೇನೆ. ನಮ್ಮಲ್ಲಿ ಹೆತ್ತವಳನ್ನೂ ಮಗುವನ್ನೂ ಹಟ್ಟಿಯವರು ದಿನ ನೋಡಿ ಒಳಗೆ ಕರೆಯುವವರೆಗೆ ಹೊರಗೇ ಇರಿಸುತ್ತಾರೆ ಎಂದು ನಿಮಗೆ ಹಿಂದೆ ಯಾವಾಗಲೋ ಹೇಳಿದ್ದೆ. ಆಗ ನೀವು ನನ್ನ ಜೊತೆ ಮಾತಾಡುತ್ತಿದ್ದಿರಿ. ಪೋಸ್ಟ್‌ಮ್ಯಾನು ಎರಡೂ ಕಾಗದಗಳನ್ನು ಮುಂದಿನ ಚಪ್ಪಡಿಯ ಮೇಲೆ ಇಟ್ಟು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ ಹೋದ. ನಮ್ಮ ಅತ್ತೆ ಜುಂಜಮ್ಮ ದೂರದಿಂದಲೇ ಕೇಳಿದರು: "ಏನವ್ವ, ಎರಡು ಕಾಗ್ದ ಬಂದವೆ? ಆಫೀಸ್ನೋರು ಕರೀತಾರೇನು?" "ಕರೆಯಲ್ಲ ಅತ್ತೆ, ಕಳಿಸ್ತಾರೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಆಫೀಸಿನ ಕಾಗದದಲ್ಲಿ ಹೀಗಿದೆ: ನವೆಂಬರ್ ಕೊನೆಗೆ ನನ್ನ ರಜೆ ಮುಗಿಯುತ್ತದೆ. ಡಿಸೆಂಬರ್ ಒಂದಕ್ಕೆ ಬಂದು ಸೇರದಿದ್ದರೆ, ಈಗ ಆ ಜಾಗದಲ್ಲಿ ಕೆಲಸ ಮಾಡುತ್ತಿರುವವರನ್ನೇ ಕಾಯಂ ಮಾಡುತ್ತಾರೆ. ಈಗ ಆ ಜಾಗದಲ್ಲಿ ಇರುವವರು ಯಾರು ಎಂದು ನನಗೆ ಗೊತ್ತು, ನಿಮಗೂ ಗೊತ್ತು. ಹಟ್ಟಿಯವರು ಕಾರ್ತೀಕ ಕಳೆಯಲಿ ಎನ್ನುತ್ತಾರೆ, ಆಮೇಲೆ ಇನ್ನೊಂದು ಹೇಳುತ್ತಾರೆ. ಸಂಕ್ರಾಂತಿಗೆ ಮುಂಚೆ ನಾನು ಬಸ್ಸು ಹತ್ತುವ ನಂಬಿಕೆ ಇಲ್ಲ. ನಮ್ಮ ಯಜಮಾನರು ಉಗ್ರಪ್ಪ ಕುರಿ ಹೊಡೆದುಕೊಂಡು ಹಿರಿಯೂರಿನ ಕಡೆ ಹೋಗಿದ್ದಾರೆ. ಅವರಿದ್ದಿದ್ದರೂ ಹಟ್ಟಿಯ ಮಾತಿಗೆ ಎದುರು ಹೇಳುವ ಪೈಕಿ ಅಲ್ಲ.

ನಿಮಗೆ ಸ್ವಿಚ್ಚು ಮಾತ್ರ ಬೇಕೋ, ಅದರ ಮುಂದಿನ ಕುರ್ಚಿಯೂ ಬೇಕೋ? ಇದೊಂದನ್ನು ನೇರವಾಗಿ ಬರೆಯಿರಿ. ಸುತ್ತಿ ಬಳಸುವುದು ಬರುವುದಿಲ್ಲ ಎಂದು ನೀವೇ ಹೇಳಿದ್ದೀರಿ.

ಸ್ವಿಚ್ಚಿನ ವಿಷಯ: ಅದು ನನ್ನ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಇಲ್ಲಿ ಕೂತು ನೆನೆಸಿಕೊಂಡರೆ ಎರಡು ಮೂರು ರೀತಿ ಕಾಣುತ್ತದೆ. ನೀವು ಕೈಗೆ ಬಂದದ್ದು ಮಾಡಿ ನೋಡಬೇಡಿ. ಆ ಸಾಲು ಹೇಳುವುದು ಯಂತ್ರ ತನ್ನೊಳಗೆ ಎಲ್ಲಿಂದ ಕೆಲಸ ಶುರು ಮಾಡಬೇಕು ಎಂಬುದನ್ನು. ತಪ್ಪು ಜಾಗದಿಂದ ಶುರುವಾದರೆ ಡಿಸ್ಕಿನ ಮೇಲೆ ಇರುವುದರ ಮೇಲೆಯೇ ಏನಾದರೂ ಬರೆದುಬಿಡಬಹುದು. ಬರೆದ ಮೇಲೆ ಮುಗಿಯಿತು.

ಗಂಗಕ್ಕ


ಚಿತ್ರದುರ್ಗ
3–11–1978

ಗಂಗಕ್ಕ,

ದೀಪಾವಳಿಗೆ ಹೊಳಲ್ಕೆರೆಗೆ ಹೋಗಿದ್ದೆ. ನಿಮ್ಮ ಕಾಗದ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ನಿಂತುಕೊಂಡೇ ಓದಿದೆ.

ನೇರವಾಗಿ ಕೇಳಿದ್ದೀರಿ. ಹೌದು, ಕುರ್ಚಿಯೂ ಬೇಕು. ಇವತ್ತು ನಿನ್ನೆ ಬೇಕಾದದ್ದಲ್ಲ. ಹೊಸದುರ್ಗದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಟೈಪಿಂಗ್ ಕಲಿತೆವು. ನಿಮಗಿಂತ ನನ್ನ ಬೆರಳು ಚುರುಕು ಎಂದು ಮೇಷ್ಟರೇ ಹೇಳುತ್ತಿದ್ದರು. ಇಲ್ಲಿಗೂ ಒಂದೇ ದಿನ ಸೇರಿದೆವು, ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದೆವು, ಒಂದೇ ಸೀಮೆಎಣ್ಣೆ ಒಲೆಯಲ್ಲಿ ಅನ್ನ ಮಾಡಿಕೊಂಡೆವು. ಹೈದರಾಬಾದಿಗೆ ತರಬೇತಿಗೆ ಕಳಿಸುವಾಗ ಒಬ್ಬರೇ ಸಾಕು ಎಂದರು, ನಿಮ್ಮನ್ನು ಕಳಿಸಿದರು. ನಿಮ್ಮ ತಪ್ಪೇನೂ ಇಲ್ಲ ಎಂದು ಆಗಲೂ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಆಗುವುದಿಲ್ಲವೇ? ನೀವು ತಿರುಗಿ ಬಂದು ಆ ದೀಪಗಳ ಮುಂದೆ ಕೂತಾಗ ನಿಮ್ಮ ಮುಖ ನೋಡುವುದು ನನ್ನಿಂದ ಆಗಲಿಲ್ಲ. ಬೇರೆ ಕೋಣೆ ಹಿಡಿದೆ. ಈಗ ಆ ಕುರ್ಚಿಯಲ್ಲಿ ಆರೇಳು ವಾರ ಕೂತಿದ್ದೇನೆ. ಟೈಪು ಮಾಡುವಾಗ ಬೇರೆಯವರು ಬರೆದದ್ದನ್ನು ಹೊಡೆಯುತ್ತೇವೆ. ಇಲ್ಲಿ ನಾನು ಕೇಳಿದರೆ ಅದು ಉತ್ತರ ಕೊಡುತ್ತದೆ. ಒಂದು ಸಲ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಫೀಸಿನ ಕಾಗದ ಬರೆಸಿದ್ದು ನಾನಲ್ಲ. ಅದು ಹೋದದ್ದೇ ನನಗೆ ಗೊತ್ತಿರಲಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಈಗ ಯಂತ್ರದ ಸಮಾಚಾರ. ನಿಮ್ಮ ಕಾಗದ ಕೈಗೆ ಸಿಗುವ ಮುಂಚೆಯೇ ಇಂಗ್ಲಿಷಿನ ಪುಸ್ತಕ ಹುಡುಕಿ ತೆಗೆದೆ. ಅದರಲ್ಲಿ ಒಂದು ಚಿತ್ರವಿದೆ, ಯಾವ ಸ್ವಿಚ್ಚು ಮೇಲೆ, ಯಾವುದು ಕೆಳಗೆ ಎಂದು. ಹಾಗೇ ಮಾಡಿ ಒತ್ತಿದೆ. ಆ ಮೂಲೆಯಲ್ಲಿ ಧೂಳು ಹಿಡಿದು ಕೂತಿರುವ ಟೇಪು ಓದುವ ಪೆಟ್ಟಿಗೆ ಇದೆಯಲ್ಲ, ಅದು ಗುರ್ ಎಂದು ತಿರುಗಿ ಖಾಲಿ ಬಾಯಿ ಆಡಿಸಿ ನಿಂತಿತು. ಡಿಸ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಯಂತ್ರ ಕೊಟ್ಟ ಹೈದರಾಬಾದಿನ ಕಂಪನಿಗೆ ಟ್ರಂಕ್‌ಕಾಲ್ ಮಾಡಿಸಿದರು. ಡಿಸ್ಕು ಕೂರಿಸಿದಾಗ ಶುರುವಾಗುವ ಜಾಗ ಬದಲಾಯಿಸಿದ್ದೇವೆ, ಅದನ್ನು ನಿಮ್ಮ ಆಪರೇಟರಿಗೆ ಹೇಳಿದ್ದೇವೆ, ಅದನ್ನು ಮಾಡಿದ ಎಂಜಿನಿಯರು ಈಗ ಪರದೇಶದಲ್ಲಿದ್ದಾರೆ ಎಂದರಂತೆ. ಬೇರೆ ಎಂಜಿನಿಯರು ಬರುವುದು ಫೆಬ್ರವರಿಗೆ.

ಮ್ಯಾನೇಜರು ದಿನಕ್ಕೊಂದು ಸಲ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಹದಿನಾರು ಸ್ವಿಚ್ಚು ತಾನೆ, ಒಂದೊಂದೇ ಹಾಕಿ ತಗ್ದು ನೋಡ್ರಿ. ಯಾವುದೋ ಒಂದಕ್ಕೆ ಹತ್ಕಳ್ತದೆ" ಎನ್ನುತ್ತಾರೆ, ಹಳೇ ಜೀಪಿನ ಮಾತಾಡಿದ ಹಾಗೆ. ನಿನ್ನೆ ಹೇಳಿದರು, ನನ್ನ ಕೈಲಿ ಆಗದಿದ್ದರೆ ಇನ್ನೊಂದೆರಡು ವಾರದಲ್ಲಿ ವೈರ್‌ಮನ್ ಜುಂಜಣ್ಣನನ್ನು ಕೂರಿಸಿ ಎಲ್ಲ ರೀತಿಯೂ ಹಾಕಿ ನೋಡಿಸುತ್ತಾರಂತೆ. ಡಿಸ್ಕಿನಲ್ಲಿರುವುದು ಎರಡು ವರ್ಷ ನೀವು ಕೂರಿಸಿದ ಲೆಕ್ಕ. ಯಾವ ಗುಂಡಿಯ ಯಾವ ಆಳದಲ್ಲಿ ಎಂಥ ಅದಿರು ಎಂಬುದೆಲ್ಲ ಅದರಲ್ಲೇ ಇದೆ. ಮೂಲದ ಚೀಟಿಗಳ ಮೂಟೆ ನೋಡೋಣ ಎಂದು ಗೋದಾಮಿಗೆ ಹೋದೆ. ಗೆದ್ದಲು ಹಿಡಿದು ಕೈ ಹಾಕಿದರೆ ಮಣ್ಣು ಬರುತ್ತದೆ.

ನನಗೆ ಕುರ್ಚಿ ಬೇಕು ಎಂದೆ, ನಿಮ್ಮ ಎರಡು ವರ್ಷ ಅಳಿಸಿ ಬೇಡ. ನೀವು ಹೇಳಿದರೆ ಹೇಳಿ, ಇಲ್ಲದಿದ್ದರೆ ಇಲ್ಲ. ನಾನಾಗಿ ಒಂದು ಸ್ವಿಚ್ಚನ್ನೂ ಮುಟ್ಟುವುದಿಲ್ಲ.

ಮಗುವಿಗೆ ಹೆಸರಿಟ್ಟಿರಾ?

ಚಂದ್ರಕ್ಕ


ಗೊಲ್ಲರಹಟ್ಟಿ, ಮಾಡದಕೆರೆ
10–11–1978

ಚಂದ್ರಾ,

ಬಹುವಚನ ಬರೆದು ಬರೆದು ಕೈ ನೋಯುತ್ತಿದೆ. ನೀನು ಬೇಕಾದರೆ ಮುಂದುವರಿಸು.

ನಿನ್ನ ಕಾಗದ ಓದಿ ಮೊದಲು ಮೈ ಉರಿಯಿತು. ಆಮೇಲೆ ಇನ್ನೊಂದು ಸಲ ಓದಿದೆ. ಬೇಕು ಎಂದರೆ ಬೇಕು ಎನ್ನುವವರು ನಮ್ಮ ಆಫೀಸಿನಲ್ಲಿ ನೀನೊಬ್ಬಳೇ. ನಾನೇ ಆ ಜಾಗದಲ್ಲಿದ್ದರೆ ಹಾಗೆ ಬರೆಯುತ್ತಿದ್ದೆನೋ ಇಲ್ಲವೋ.

ಉತ್ತರ ಬರೆಯದೆ ಇದ್ದುಬಿಡೋಣ ಎಂದುಕೊಂಡೆ. ಸುಳ್ಳೇಕೆ ಹೇಳಲಿ. ನಾನು ಸುಮ್ಮನಿದ್ದರೆ ಯಂತ್ರ ಸುಮ್ಮನಿರುತ್ತದೆ, ಯಂತ್ರ ಸುಮ್ಮನಿದ್ದರೆ ನನ್ನನ್ನು ಬಿಟ್ಟು ಅವರಿಗೆ ಗತಿಯಿಲ್ಲ. ಆದರೆ ಜುಂಜಣ್ಣನ ಹೆಸರು ನೋಡಿದ ಮೇಲೆ ಊಟ ಸೇರಲಿಲ್ಲ. ಅವನು ಒಳ್ಳೆಯವನೇ, ಆದರೆ ಫ್ಯಾನು ರಿಪೇರಿ ಮಾಡಲು ಬಂದರೂ ಮೊದಲು ಒಂದು ಏಟು ಹಾಕಿ ನೋಡುವವನು. ಆ ಲೆಕ್ಕವೆಲ್ಲ ನಾನು ಒಂದೊಂದೇ ಚೀಟಿ ಓದಿ, ತಪ್ಪಿದ್ದಲ್ಲಿ ಗುಂಡಿಯವರೆಗೂ ನಡೆದು ಕೇಳಿಕೊಂಡು ಬಂದು ಹಾಕಿದ್ದು. ಅದು ಹೋದರೆ ನಾನು ಮಾಡಿದ ಕೆಲಸ ಇತ್ತು ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಲಿ, ಅದು ಉಳಿಯಬೇಕು.

ನೆನಪು ಮಾಡಿಕೊಂಡದ್ದು ಹೇಗೆ ಎಂದು ಹೇಳಿದರೆ ನಗುತ್ತೀಯ. ಅತ್ತೆಗೆ ಹೇಳಿ ಹುಣಸೆ ಬೀಜ ತರಿಸಿದೆ. ಚೌಕಾಬಾರಕ್ಕೆ ಮಾಡಿಕೊಳ್ಳುವ ಹಾಗೆ ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿದೆ. ಬಿಳಿ ಎಂದರೆ ಮೇಲೆ, ಕಪ್ಪು ಎಂದರೆ ಕೆಳಗೆ. ಮೊರದ ಮೇಲೆ ಸಾಲಾಗಿ ಜೋಡಿಸಿ, ಕಣ್ಣು ಮುಚ್ಚಿ ಮೇಲೆ ಬೆರಳಾಡಿಸಿದೆ. ಎರಡು ದಿನ ಬರೀ ಗೊಂದಲ. ಮೂರನೆಯ ದಿನ ಮಗುವಿಗೆ ಹಾಲು ಕೊಡುತ್ತ ಒಂದೇ ಕೈಯಲ್ಲಿ ಜೋಡಿಸುವಾಗ ಕೈ ತಾನೇ ನಡೆಯಿತು. ಅಲ್ಲಿಯೂ ನಾನು ಎಡಗೈಯಲ್ಲಿ ಕಾಗದ ಹಿಡಿದು ಬಲಗೈ ಒಂದರಲ್ಲೇ ಹಾಕುತ್ತಿದ್ದೆ ನೋಡು. ಅತ್ತೆ ದೂರದಲ್ಲಿ ಕೂತು ಯಾರಿಗೋ ಹೇಳುತ್ತಿದ್ದರು: "ಬಾಣಂತಿ ಒಬ್ಬಳೇ ಕುಂತ್ಕಂಡು ಚೌಕಾಬಾರ ಆಡ್ತಾಳೆ ಕಣವ್ವ. ಗೆಲ್ಲೋಳೂ ಅವಳೇ, ಸೋಲೋಳೂ ಅವಳೇ. ಓದಿದ್ದು ಜಾಸ್ತಿ ಆಗೈತೆ."

ಈಗ ಗಮನವಿಟ್ಟು ಓದು.

ಸ್ವಿಚ್ಚು ಮುಟ್ಟುವ ಮುಂಚೆ ಡಿಸ್ಕಿನ ಪೆಟ್ಟಿಗೆಯ ಎಡಗಡೆಯ ಚಿಕ್ಕ ಬೀಗವನ್ನು 'ಓದು ಮಾತ್ರ' ಎನ್ನುವ ಕಡೆಗೆ ತಿರುಗಿಸಿ ಬೀಗದ ಕೈಯನ್ನು ಕಿತ್ತು ನಿನ್ನ ಹತ್ತಿರ ಇಟ್ಟುಕೋ. ಹಾಗೆ ಮಾಡಿದರೆ ನಾನು ಹೇಳಿದ್ದು ತಪ್ಪಾದರೂ ಅದರ ಮೇಲೆ ಏನೂ ಬರೆಯಲಾಗುವುದಿಲ್ಲ. ಆ ಬೀಗ ಇರುವುದು ನಿನಗೆ ಹೇಳಿರಲಿಲ್ಲ. ನೀನು ಮುಖ ತಿರುಗಿಸಿಕೊಂಡು ನಿಂತಿದ್ದೆ, ನಾನು ಹಟಕ್ಕೆ ಅರ್ಧ ಹೇಳಿ ಅರ್ಧ ಬಿಟ್ಟೆ.

ಸ್ವಿಚ್ಚುಗಳಲ್ಲಿ ಎಡತುದಿಯದು ಒಂಟಿ, ಅದು ಕೆಳಗೆ. ಆಮೇಲೆ ಮೂರು ಮೂರರ ಗುಂಪು. ಮೊದಲ ಗುಂಪು ಪೂರ್ತಿ ಮೇಲೆ. ಎರಡನೆಯದರಲ್ಲಿ ನಡುವಿನದು ಮಾತ್ರ ಕೆಳಗೆ, ಆಚೆ ಈಚೆ ಎರಡೂ ಮೇಲೆ. ಮೂರನೆಯದು ಪೂರ್ತಿ ಮೇಲೆ. ನಾಲ್ಕನೆಯದರಲ್ಲಿ ಮೊದಲಿನದೊಂದೇ ಮೇಲೆ. ಕೊನೆಯದು ಪೂರ್ತಿ ಕೆಳಗೆ. ಪುಸ್ತಕದ ಚಿತ್ರದಲ್ಲಿ ನಾಲ್ಕನೆಯ ಗುಂಪಿನ ನಡುವಿನದು ಮೇಲಿರುತ್ತದೆ, ಅದಕ್ಕೇ ಅದು ಟೇಪು ಹುಡುಕಿತು. ಅದೊಂದು ಗುಂಪು ಬಿಟ್ಟರೆ ಎರಡಕ್ಕೂ ವ್ಯತ್ಯಾಸವಿಲ್ಲ. ಡಿಸ್ಕು ತಿರುಗಿ ಅದರ ಹಸಿರು ದೀಪ ಮಿಣುಕದೆ ಸ್ಥಿರವಾಗಿ ನಿಂತ ಮೇಲೆ 'ಲೋಡ್' ಒತ್ತು, ಆಮೇಲೆ 'ಸ್ಟಾರ್ಟ್'. ಟೆಲಿಪ್ರಿಂಟರು ತಾರೀಖು ಕೇಳಿದರೆ ಸರಿಯಾಗಿದೆ ಎಂದು ಅರ್ಥ. ಆಮೇಲೆ ಬೀಗ ತೆಗೆದು ಕೆಲಸ ಮಾಡು.

ಇಷ್ಟೇ. ಇದು ಗೊತ್ತಾದ ಮೇಲೆ ನಾನು ಅವರಿಗೆ ಬೇಕಾಗಿಲ್ಲ. ಯೋಚಿಸಿಯೇ ಬರೆದಿದ್ದೇನೆ. ನೀನು ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯ ಎಂದು ಗೊತ್ತು. ಒಂದೇ ಒಂದು ಉಪಕಾರ ಮಾಡು. ಶುರುವಾಯಿತೋ ಇಲ್ಲವೋ, ಲೆಕ್ಕ ಹಾಗೇ ಇದೆಯೋ ಇಲ್ಲವೋ, ಒಂದು ಕಾರ್ಡು ಹಾಕು.

ಹೆಸರು ಇನ್ನೂ ಇಟ್ಟಿಲ್ಲ. ಒಳಗೆ ಹೋದ ಮೇಲೆ.

ನಿನ್ನ,
ಗಂಗಾ


ಗೊಲ್ಲರಹಟ್ಟಿ, ಮಾಡದಕೆರೆ
25–11–1978

ಚಂದ್ರಕ್ಕನವರಿಗೆ,

ಕಾರ್ಡು ಬರಲಿಲ್ಲ.

ಮೊದಲ ವಾರ ಅಂಚೆ ತಡವಾಗಿರಬಹುದು ಎಂದುಕೊಂಡೆ. ಎರಡನೆಯ ವಾರ ನಿಮಗೆ ಜ್ವರ ಬಂದಿರಬಹುದು ಎಂದುಕೊಂಡೆ. ಈಗ ಏನೂ ಅಂದುಕೊಳ್ಳುವುದಿಲ್ಲ. ಪೋಸ್ಟ್‌ಮ್ಯಾನು ಇತ್ತ ಬಾರದೆ ಸೀದಾ ಹೋಗುವುದನ್ನು ದಿನಾ ನೋಡುತ್ತೇನೆ. ನಿನ್ನೆ ಅವನೇ ಕೂಗಿ ಹೇಳಿದ, "ಇಲ್ಲ ಕಣಕ್ಕ, ಇವತ್ತೂ ಇಲ್ಲ" ಎಂದು. ನಾನು ಕೇಳಿರಲೂ ಇಲ್ಲ.

ಬೇಕಾದದ್ದು ಸಿಕ್ಕಿತು, ಇನ್ನು ಕಾಗದ ಬರೆಯುವ ಅಗತ್ಯವೇನು ಎಂದು ಇರಬಹುದು. ಇರಲಿ. ಕುರ್ಚಿ ನಿಮ್ಮದಾಗಲಿ ಎಂದು ನಾನೇ ಬರೆದೆ, ಅದನ್ನು ಹಿಂದಕ್ಕೆ ಕೇಳುವುದಿಲ್ಲ. ಆದರೆ ಲೆಕ್ಕ ಉಳಿಯಿತೋ ಇಲ್ಲವೋ ಎಂದು ಹೇಳುವುದಕ್ಕೂ ಕೈ ಬರಲಿಲ್ಲವೇ ಚಂದ್ರಾ? ಒಂದು ಮಾತು. 'ಇದೆ' ಎಂದೋ 'ಹೋಯಿತು' ಎಂದೋ. ಇಲ್ಲಿ ಗಾಳಿ ಶುರುವಾಗಿದೆ. ಮಗುವಿಗೆ ಕಂಬಳಿ ಸುತ್ತಿ ಕೂತಿದ್ದೇನೆ. ಬೇರೆ ಕೆಲಸವಿಲ್ಲ, ಆದ್ದರಿಂದ ಅದೇ ಯೋಚನೆ. ನಿಮ್ಮನ್ನು ನಂಬಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿದೆ.

ಡಿಸೆಂಬರ್ ಒಂದು ಹತ್ತಿರ ಬಂತು. ನಾನು ಇಲ್ಲೇ ಇರುತ್ತೇನೆ. ಇನ್ನು ಬರೆಯುವುದಿಲ್ಲ.

ಗಂಗಕ್ಕ


ಗಣಿ ಕಚೇರಿ, ಆಡಳಿತ ಶಾಖೆ
ಚಿತ್ರದುರ್ಗ
29–11–1978

ಶ್ರೀಮತಿ ಗಂಗಕ್ಕ, ಕಂಪ್ಯೂಟರ್ ಆಪರೇಟರ್ (ರಜೆಯಲ್ಲಿ), ಇವರಿಗೆ

ವಿಷಯ: ರಜೆ ವಿಸ್ತರಣೆ.

ಕಚೇರಿಯ ಕಂಪ್ಯೂಟರು ಅಕ್ಟೋಬರ್ ಮಧ್ಯದಿಂದ ಕೆಲಸ ಮಾಡುತ್ತಿರುವುದಿಲ್ಲ. ತಾತ್ಕಾಲಿಕವಾಗಿ ನಿಯೋಜಿಸಿದ್ದ ಶ್ರೀಮತಿ ಚಂದ್ರಕ್ಕ ಅವರು ಸದರಿ ಯಂತ್ರವನ್ನು ಆರಂಭಿಸಲು ತಮಗೆ ತಿಳಿಯುವುದಿಲ್ಲವೆಂದೂ, ಶ್ರೀಮತಿ ಗಂಗಕ್ಕ ಅವರ ಹೊರತು ಬೇರಾರಿಗೂ ತಿಳಿಯುವುದಿಲ್ಲವೆಂದೂ ಬರವಣಿಗೆಯಲ್ಲಿ ತಿಳಿಸಿರುತ್ತಾರೆ. ಅವರನ್ನು ಅವರ ಕೋರಿಕೆಯಂತೆ ಟೈಪಿಂಗ್ ಶಾಖೆಗೆ ಹಿಂದಿರುಗಿಸಲಾಗಿದೆ. ಆದ್ದರಿಂದ ತಮಗೆ ಈ ಹಿಂದೆ ಕಳುಹಿಸಿದ ಪತ್ರವನ್ನು ರದ್ದುಪಡಿಸಿ, ತಮ್ಮ ರಜೆಯನ್ನು ಜನವರಿ 15ರವರೆಗೆ ವಿಸ್ತರಿಸಲಾಗಿದೆ. ಸಾಧ್ಯವಾದಲ್ಲಿ ಅದಕ್ಕೂ ಮೊದಲೇ ಹಾಜರಾಗಿ ತಮ್ಮ ಹುದ್ದೆಯ ಕಾರ್ಯ ವಹಿಸಿಕೊಳ್ಳತಕ್ಕದ್ದು.

ಮ್ಯಾನೇಜರ ಪರವಾಗಿ,
ಮೂರ್ತಪ್ಪ
ಆಡಳಿತ ಗುಮಾಸ್ತರು


ಚಿತ್ರದುರ್ಗ
30–11–1978

ಲೇ ಗಂಗಿ,

ನಿನ್ನ ಬೈಗುಳದ ಕಾಗದ ಬಂತು. ಪೂರ್ತಿ ಓದಿದೆ. ಬೈದದ್ದು ಸಾಲದು ಎನಿಸಿತು.

ಮೊದಲು ನಿನಗೆ ಬೇಕಾದ ಮಾತು. ಇದೆ. ಎಲ್ಲ ಇದೆ. ಒಂದು ಅಂಕಿಯೂ ಆಚೆ ಈಚೆ ಆಗಿಲ್ಲ.

ನೀನು ಬರೆದದ್ದು ಕೈಗೆ ಸಿಕ್ಕ ಮಾರನೆಯ ದಿನವೇ ಮ್ಯಾನೇಜರು ಹಿರಿಯೂರಿಗೆ ಹೋಗಿದ್ದರು. ಊಟದ ಹೊತ್ತು, ಆಫೀಸು ಖಾಲಿ. ಡಿಸ್ಕಿನ ಬೀಗ ತಿರುಗಿಸಿ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಸ್ವಿಚ್ಚುಗಳನ್ನು ಒಂದೊಂದೇ ಹಾಕಿದೆ. ನಾಲ್ಕನೆಯ ಗುಂಪಿಗೆ ಬಂದಾಗ ನಿನ್ನ ಕಾಗದ ಇನ್ನೊಂದು ಸಲ ಓದಿಕೊಂಡೆ. ಲೋಡ್, ಸ್ಟಾರ್ಟ್. ದೀಪಗಳು ಓಡಿದವು ಕಣೇ. ಡಿಸ್ಕು ಟಕ್ ಎಂದಿತು, ಟೆಲಿಪ್ರಿಂಟರು ತಾನಾಗೇ ಎದ್ದು ತಾರೀಖು ಕೇಳಿತು. ಹೊಡೆದೆ. ಮೊದಲನೆಯ ಗುಂಡಿಯ ಲೆಕ್ಕ ಕೇಳಿದೆ, ಕೊಟ್ಟಿತು. ಕೊನೆಯ ಗುಂಡಿಯದು ಕೇಳಿದೆ, ಅದನ್ನೂ ಕೊಟ್ಟಿತು. ಅಲ್ಲಲ್ಲಿ ನೀನು ಸೇರಿಸಿದ ಮಾತುಗಳೂ ಬಂದವು, 'ಚೀಟಿ ಮಸುಕು, ಗುಂಡಿಗೆ ಹೋಗಿ ಕೇಳಿದ್ದು' ಎಂದು. ಅವನ್ನು ಓದುತ್ತ ಕೂತೆ. ಖುಷಿ ತಡೆಯಲಾರದೆ ಅಳು ಬಂತು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ, ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಎದ್ದು ಎಲ್ಲವನ್ನೂ ಆರಿಸಿದೆ. ಸ್ವಿಚ್ಚುಗಳನ್ನೆಲ್ಲ ಕೆಳಗೆ ಮಾಡಿದೆ, ಓಬಳೇಶಪ್ಪನವರು ಮಾಡಿದ ಹಾಗೇ. ಟೆಲಿಪ್ರಿಂಟರಿನ ಕಾಗದ ಹರಿದು ಮನೆಗೆ ತಂದು ಒಲೆಗೆ ಹಾಕಿದೆ. ಸಂಜೆ ಹಿರಿಯೂರಿನಿಂದ ತಿರುಗಿ ಬಂದ ಮ್ಯಾನೇಜರಿಗೆ ಹೇಳಿದೆ: "ನನ್ನ ಕೈಲಿ ಆಗಲ್ಲ ಸಾರ್. ಇದು ಗಂಗಕ್ಕನಿಗೆ ಬಿಟ್ಟು ಯಾರಿಗೂ ಬರಲ್ಲ." ಬರವಣಿಗೆಯಲ್ಲಿ ಕೊಡಿ ಎಂದರು. ಕೊಟ್ಟೆ. ನಾನೇ ಟೈಪು ಮಾಡಿಕೊಂಡು ಹೋಗಿದ್ದೆ, ಒಂದು ತಪ್ಪೂ ಇರಲಿಲ್ಲ. ಜುಂಜಣ್ಣ ಸ್ಪಾನರು ಹಿಡಿದು ಬಂದ. "ನೋಡ್ರಿ ಜುಂಜಣ್ಣ, ಎರಡು ವರ್ಷದ ಲೆಕ್ಕ ಒಳಗೈತೆ. ನೀವು ಮುಟ್ಟಿದ ಮ್ಯಾಲೆ ಹೋದ್ರೆ ಹೈದರಾಬಾದಿಗೆ ನಿಮ್ಮ ಹೆಸರು ಬರೆದು ಕಳಿಸ್ತೀನಿ" ಎಂದೆ. "ನಂಗ್ಯಾಕಕ್ಕ ಈ ಉಸಾಬರಿ" ಎಂದು ಫ್ಯಾನು ನೋಡಿಕೊಂಡು ಹೋದ. ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇದೆ.

ನಿನಗೆ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಬರೆದಿದ್ದರೆ ನೀನು ಏನು ಹೇಳುತ್ತಿದ್ದೆ ಎಂದು ನನಗೆ ಗೊತ್ತು. 'ಹುಚ್ಚಿ, ನಾನು ಯೋಚಿಸಿ ಕೊಟ್ಟದ್ದು, ಕೂತು ಕೆಲಸ ಮಾಡು' ಎನ್ನುತ್ತಿದ್ದೆ. ನೀನು ಹಾಗೆಂದ ಮರುಗಳಿಗೆ ನಾನು ಓಡಿಹೋಗಿ ಕೂತುಬಿಡುತ್ತಿದ್ದೆ. ಅದಕ್ಕೇ ಅವರ ಕಾಗದ ನಿನ್ನೆ ಅಂಚೆಗೆ ಬೀಳುವವರೆಗೆ ಬಾಯಿ ಹೊಲಿದುಕೊಂಡಿದ್ದೆ. ನಿನಗೆ ನೋವಾಯಿತು. ಆಗುತ್ತದೆ ಎಂದು ಗೊತ್ತಿದ್ದೇ ಮಾಡಿದೆ.

ಇದನ್ನು ತ್ಯಾಗ ಗೀಗ ಎಂದು ಹಟ್ಟಿಯಲ್ಲಿ ಹೇಳಿಕೊಂಡು ತಿರುಗಬೇಡ. ಹಸಿ ಬಾಣಂತಿ ಗುಡ್ಲಿನಲ್ಲಿ ಕೂತು, ಬೀಜ ಉಜ್ಜಿ ಉಜ್ಜಿ ಹುಡುಕಿ, ನನ್ನ ಹೊಟ್ಟೆಕಿಚ್ಚಿನ ಕಾಗದಕ್ಕೆ ಉತ್ತರವಾಗಿ ಕಳಿಸಿದ್ದು ಅದು. ಅದನ್ನು ಇಟ್ಟುಕೊಂಡು ನಿನ್ನನ್ನೇ ಹೊರಗೆ ಹಾಕಿ ಕೂರುವುದು ನನ್ನಿಂದ ಆಗಲಿಲ್ಲ, ಅಷ್ಟೇ. ನನಗೂ ಕಲಿಸಬೇಕು ಎಂದು ನೀನು ಬಂದ ಮೇಲೆ ಮ್ಯಾನೇಜರಿಗೆ ಹೇಳು. ಒಬ್ಬಳಿಗೇ ಗೊತ್ತಿದ್ದರೆ ಏನಾಗುತ್ತದೆ ಎಂದು ಈಗ ಅವರಿಗೂ ಗೊತ್ತಾಗಿದೆ. ಒಪ್ಪುತ್ತಾರೋ ಇಲ್ಲವೋ ಹೇಳಲಾರೆ.

ಜನವರಿ ಹದಿನೈದರವರೆಗೆ ರಜೆ ಕೊಟ್ಟಿದ್ದಾರೆ. ನಿಮ್ಮ ಹಟ್ಟಿಯವರಿಗೆ ಏನು ಹೇಳುತ್ತೀಯೋ, ಅತ್ತೆಯ ಕಾಲು ಹಿಡಿಯುತ್ತೀಯೋ, ಗಂಡನನ್ನು ಹಿರಿಯೂರಿನಿಂದ ಕರೆಸುತ್ತೀಯೋ, ಅದು ನಿನಗೆ ಬಿಟ್ಟದ್ದು. ಅಷ್ಟು ದಿನ ತಡಮಾಡಬೇಡ. ನನ್ನ ಟೈಪಿಂಗ್ ಮೇಜು ಆ ಕೋಣೆಯ ಎದುರಿಗೇ ಇದೆ, ಬಾಗಿಲು ತೆರೆದೇ ಇರುತ್ತದೆ. ಹದಿನಾರೂ ನನಗೆ ಬಾಯಿಪಾಠ ಬಂದುಬಿಟ್ಟಿವೆ. ಆ ಕುರ್ಚಿ ನನಗೆ ಈಗಲೂ ಬೇಕು ಗಂಗಿ. ಬೇಗ ಬಾ.

ಚಂದ್ರಿ